ಗ್ರಂಥಾಲಯದ ಆಚೆಗೂ ಕಾಲಿಡು

ಚಿ. ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶನಿವಾರ ರಾತ್ರಿಯೂ ನೀನು ರೆಗೆನ್‌ಸ್ಟೈನ್ ಗ್ರಂಥಾಲಯ ಬಿಟ್ಟು ಏಳಲಿಲ್ಲವೆಂದು ನಿನ್ನ ಅಪ್ಪ ಹೆಮ್ಮೆಯಿಂದ ಹೇಳಿದ. ನನಗೆ ಆತಂಕವಾಯಿತು. ಶಿಕಾಗೊ ವಿಶ್ವವಿದ್ಯಾಲಯದ ಓದು ಎಷ್ಟು ಭಾರವೆಂದು ಅಲ್ಲಿ ಓದಿದ ನನಗೆ ಗೊತ್ತು. ಪಾಠ ಹಿಡಿತಕ್ಕೆ ಬರುವಷ್ಟರಲ್ಲಿ ಪರೀಕ್ಷೆ ಎದುರಿಗಿರುತ್ತದೆ. ‘ಮೋಜು ಸಾಯಲೆಂದು ಬರುವ ಜಾಗ’ ಎಂದು ವಿದ್ಯಾರ್ಥಿಗಳೇ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಳ್ಳುತ್ತಾರೆ. ಅದನ್ನು ನಂಬಬೇಡ.

ಆ ಅಂಗಿ ತೊಟ್ಟವರೇ ಮೇ ತಿಂಗಳಲ್ಲಿ ನಾಲ್ಕು ದಿನ ನಿದ್ದೆಗೆಟ್ಟು ‘ಸ್ಕ್ಯಾವ್’ ಆಡುತ್ತಾರೆ. 1987ರಿಂದ ನಡೆದುಬಂದ ಆಟ ಅದು. ಮುನ್ನೂರರ ಆಸುಪಾಸು ವಿಚಿತ್ರ ಬೇಡಿಕೆಗಳ ಪಟ್ಟಿ ಕೈಗೆ ಬರುತ್ತದೆ. ತಂಡ ಕಟ್ಟಿಕೊಂಡು ಹುಡುಕಬೇಕು, ತಯಾರಿಸಬೇಕು, ಕುಣಿಯಬೇಕು. 1999ರ ಪಟ್ಟಿಯಲ್ಲಿ ಬ್ರೀಡರ್ ರಿಯಾಕ್ಟರ್, ಅಂದರೆ ಹೊಸ ಪರಮಾಣು ಇಂಧನವನ್ನು ತಾನೇ ಹುಟ್ಟಿಸುವ ಯಂತ್ರ, ಇತ್ತು. ಭೌತಶಾಸ್ತ್ರದ ಇಬ್ಬರು ಹುಡುಗರು ಪುಟ್ಟದೊಂದನ್ನು ಕಟ್ಟಿಯೇ ತೋರಿಸಿದರು! 1942ರಲ್ಲಿ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆದದ್ದೂ ಅದೇ ಆವರಣದಲ್ಲಿ. ಓದಿದ್ದನ್ನು ಅಂಕದ ಹಂಗಿಲ್ಲದೆ ಬಳಸುವ ಆ ಸಂತೋಷ ನಿನಗೂ ಸಿಗಬೇಕು. ನಿನಗೆ ಹೊಲಿಗೆ ಬರುತ್ತದೆ, ದೊಡ್ಡ ರಂಗೋಲಿ ಹಾಕುತ್ತೀಯ. ಎರಡೂ ಅಲ್ಲಿ ಬೇಕಾಗುತ್ತವೆ.

ಆಲೂಗಡ್ಡೆಯ ಲಾಟ್ಕೆ ಮೇಲೋ, ಮೂರು ಮೂಲೆಯ ಸಿಹಿ ಹಾಮನ್‌ಟಾಶ್ ಮೇಲೋ ಎಂದು ಪ್ರಾಧ್ಯಾಪಕರು ನಡೆಸುವ ವಾದವನ್ನೂ ತಪ್ಪಿಸಬೇಡ. ಯಹೂದಿಗಳ ಹಬ್ಬದ ತಿನಿಸುಗಳಿವು; ವಾದ 1946ರಷ್ಟು ಹಳೆಯದು. ತಾಳಮದ್ದಳೆಯ ಅರ್ಥಧಾರಿಗಳ ಹಾಗೆ ಪಕ್ಷ ಹಿಡಿದು, ತಮ್ಮ ಶಾಸ್ತ್ರವನ್ನೆಲ್ಲ ಪಣಕ್ಕಿಟ್ಟು ಮಾತನಾಡುತ್ತಾರೆ.

ಓದು ಮುಗಿದ ಮೇಲೆ ಹೋಗುತ್ತೇನೆ ಎನ್ನಬೇಡ. ಅಲ್ಲಿ ಓದು ಮುಗಿಯುವುದೇ ಇಲ್ಲ. ವಾರದಲ್ಲಿ ಒಂದು ಸಂಜೆಯನ್ನು ಈಗಲೇ ತೆಗೆದಿಡು. ಡಾಕ್ ಫಿಲ್ಮ್ಸ್ ಸಂಘದಲ್ಲಿ ಸಿನಿಮಾ ಆರಿಸುವುದು, ರೀಲು ಓಡಿಸುವುದು ಎಲ್ಲವೂ ವಿದ್ಯಾರ್ಥಿಗಳದೇ ಕೆಲಸ. ಬರೀ ನೋಡಿ ಬರಬೇಡ, ಅವರ ಜೊತೆ ದುಡಿ. ಗೆಳೆತನ ಕುದುರುವುದು ಹಾಗೆ. ನೀನು ಒಬ್ಬಳೇ ಊಟ ಮಾಡುತ್ತೀಯೆಂಬ ಸಂಗತಿಯೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಜನವರಿಯಲ್ಲಿ ವಿಶ್ವವಿದ್ಯಾಲಯದ ಚಳಿಗಾಲದ ಉತ್ಸವ ‘ಕುವಿಯಾ’ ಬಂದಾಗ ಬೆಳಗಿನ ಆರಕ್ಕೇ ವ್ಯಾಯಾಮಕ್ಕೆ ಹೋಗು. ಆ ವಾರದ ಶುಕ್ರವಾರ ಎಲ್ಲರೂ ಮಿಷಿಗನ್ ಸರೋವರದ ದಂಡೆಗೆ ನಡೆದು ಆ ಕೊರೆಯುವ ಚಳಿಯಲ್ಲಿ ಸೂರ್ಯನಮಸ್ಕಾರ ಮಾಡುತ್ತಾರೆ. ಅಜ್ಜ ನಿನಗೆ ಕಲಿಸಿದ್ದನ್ನು ಪಕ್ಕದವರಿಗೂ ತೋರಿಸಿಕೊಡು. ಉಣ್ಣೆಯ ಕೈಗವಸು, ದಪ್ಪ ಕಾಲುಚೀಲ ಕೊಳ್ಳಲು ಹಣ ಕಳುಹಿಸಿದ್ದೇನೆ. ದಂಡೆಯ ಬಂಡೆಗಳ ಮೇಲೆ ಮಂಜುಗಡ್ಡೆ ಇರುತ್ತದೆ, ಅಲ್ಲಿಗೆ ಒಬ್ಬಳೇ ಹೋಗಬೇಡ.

ನಿನ್ನ ಪ್ರೀತಿಯ
ದೊಡ್ಡಪ್ಪ