ಮುಗಿಯದ ಸುದ್ದಿಗಳ ಊರಿನಿಂದ

ಮೈಸೂರು
ಆಗಸ್ಟ್ 2025

ಪ್ರಿಯ ಗೆಳೆಯ,

ನಮ್ಮ ದಸರಾ ಆನೆ ಅಭಿಮನ್ಯು ಒಂದೇ ವರ್ಷದಲ್ಲಿ ಇನ್ನೂರು ಕಿಲೋ ಇಳಿದಿದ್ದಾನೆ. ಕಳೆದ ವರ್ಷ ಕಾಡಿನಿಂದ ಬಂದಾಗ 5,560 ಕಿಲೋ ಇದ್ದವನು ಈ ಸಲ 5,360. ಭೀಮ 5,465 ಕಿಲೋ ತೂಗಿ ಮೊದಲ ಸ್ಥಾನಕ್ಕೆ ಏರಿದ್ದಾನೆ. ನೀನು ಬೆಂಗಳೂರಿನಲ್ಲಿ ಕುಳಿತು ಸುರಂಗ ರಸ್ತೆ, ಷೇರುಪೇಟೆ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದ ಹೊತ್ತಿಗೆ ಇಲ್ಲಿ ಹೋಟೆಲು, ಕ್ಷೌರದಂಗಡಿ, ಹಾಲಿನ ಬೂತು ಎಲ್ಲ ಕಡೆಯೂ ಇದೇ ಮಾತು. ನನಗಂತೂ ಬೇಸರವಿಲ್ಲ. ಇಷ್ಟು ಖಚಿತವಾದ ಅಂಕಿ ನಮ್ಮೂರಿನಲ್ಲಿ ಬೇರೆ ಯಾವುದರ ಬಗ್ಗೆಯೂ ಸಿಗುವುದಿಲ್ಲ.

ಧನ್ವಂತರಿ ರಸ್ತೆಯಲ್ಲಿ ಲಾರಿಗಳನ್ನು ತೂಗುವ ಜಾಗಕ್ಕೆ ಆನೆಗಳನ್ನು ಸಾಲಾಗಿ ಕರೆತರುತ್ತಾರಲ್ಲ, ನಾನೂ ಹೋಗಿದ್ದೆ. ಕಬ್ಬಿಣದ ಹಾಸಿನ ಮೇಲೆ ಆನೆ ಮೂರು ಕಾಲಿಟ್ಟು ನಾಲ್ಕನೆಯದನ್ನು ಹೊರಗೇ ಉಳಿಸಿಕೊಂಡಿತು. ಮಾವುತ ಕಿವಿಯ ಹಿಂದೆ ಕಾಲಿನಿಂದ ಮೆಲ್ಲಗೆ ತಿವಿದು ಏನೋ ಅಂದ. ಅದು ಯೋಚಿಸಿ, ನಾಲ್ಕನೆಯ ಕಾಲನ್ನೂ ಒಳಗೆಳೆದುಕೊಂಡಿತು. ಅಂಕಿ ನಿಲ್ಲುವವರೆಗೆ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಅಭಿಮನ್ಯುವಿನ ಸರದಿ ಮುಗಿದಾಗ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಛೆ, ಸೊರಗಿಬಿಟ್ಟಿದ್ದಾನೆ” ಎಂದು ಕರಗಿಹೋದರು. ಐದು ಸಾವಿರದ ಮುನ್ನೂರ ಅರವತ್ತು ಕಿಲೋ ತೂಗುವವನನ್ನು ಸೊರಗಿದ ಎನ್ನುವ ಊರು ಭೂಮಿಯ ಮೇಲೆ ಇನ್ನೊಂದಿದ್ದರೆ ತಿಳಿಸು. ಅವರ ಜೊತೆಗಿದ್ದವರು ಸಮಾಧಾನ ಹೇಳಿದರು: “ದಸರಾ ಹೊತ್ತಿಗೆ ಸರಿಹೋಗುತ್ತಾನೆ ಬಿಡಿ. ಹುಲ್ಲಿನಲ್ಲಿ ಭತ್ತ, ಬೆಲ್ಲ ಕಟ್ಟಿದ ಕುಸುರೆ, ಬೇಯಿಸಿದ ಉದ್ದು, ಬೆಣ್ಣೆ ಎಲ್ಲ ಕೊಡುತ್ತಾರೆ.” ಬೆಣ್ಣೆಯ ಹೆಸರೆತ್ತಬೇಡಿ ಎಂದು ವೈದ್ಯರಿಂದ ಹೇಳಿಸಿಕೊಂಡಿರುವ ನಾನು ಮಾತಾಡದೆ ನಿಂತಿದ್ದೆ.

ಅಭಿಮನ್ಯು ಅರವತ್ತರ ಅಂಚಿಗೆ ಬಂದಿದ್ದಾನೆ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದು ಎಂಬ ನಿಯಮವಿದೆ. ಅರ್ಜುನನಿಗೂ 2020ರಲ್ಲಿ ಹಾಗೆಯೇ ವಿಶ್ರಾಂತಿ ಸಿಕ್ಕಿತ್ತು. ಆಗಲೇ 750 ಕಿಲೋ ಚಿನ್ನದ ಅಂಬಾರಿ ಅಭಿಮನ್ಯುವಿನ ಬೆನ್ನಿಗೆ ಬಂದದ್ದು. ಈಗ ಮುಂದಿನವನು ಯಾರು ಎಂಬ ಚರ್ಚೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತದೆ. ಮುಖ್ಯಮಂತ್ರಿ ಕುರ್ಚಿಯ ಚರ್ಚೆಗಿಂತ ಇದರ ಮಟ್ಟ ಮೇಲು. ಮಹೇಂದ್ರನ ನಡಿಗೆ, ಧನಂಜಯನ ಸ್ವಭಾವ, ಭೀಮನ ವಯಸ್ಸು ಎಲ್ಲವನ್ನೂ ಅಳೆದು ಸುರಿದು ಮಾತಾಡುತ್ತಾರೆ. ಮಾತಾಡುವವರೆಲ್ಲ ಪಿಂಚಣಿದಾರರಾದ್ದರಿಂದ ನಿವೃತ್ತಿಯ ವಿಷಯದಲ್ಲಿ ಅವರ ಕರುಣೆಗೆ ಎಣೆಯಿಲ್ಲ.

ಸ್ವಭಾವ ಎಂದೆನಲ್ಲ, ಕಳೆದ ಸೆಪ್ಟೆಂಬರಿನಲ್ಲಿ ಈ ಧನಂಜಯ ಊಟದ ಹೊತ್ತಿನಲ್ಲಿ ಕಂಜನ್ ಜೊತೆ ಜಗಳಕ್ಕೆ ಬಿದ್ದದ್ದು ನಿನಗೆ ನೆನಪಿರಬೇಕು. ಕಂಜನ್ ಅರಮನೆಯ ಜಯಮಾರ್ತಾಂಡ ದ್ವಾರದಿಂದ ಸೀದಾ ರಸ್ತೆಗೆ ಓಡಿದ, ಧನಂಜಯ ಬೆನ್ನಟ್ಟಿದ, ಜನ ದಿಕ್ಕಾಪಾಲಾದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮಾವುತರು ಇಬ್ಬರನ್ನೂ ಸಮಾಧಾನಪಡಿಸಿ ಒಳಗೆ ಕರೆದೊಯ್ದರು. ಅಷ್ಟಕ್ಕೆ ಮುಗಿಯಿತು. ಅಧ್ಯಯನ ಸಮಿತಿ ಇಲ್ಲ, ತಡೆಯಾಜ್ಞೆ ಇಲ್ಲ, ಪತ್ರಿಕಾಗೋಷ್ಠಿ ಇಲ್ಲ. ಈ ಸಲ ಇಬ್ಬರೂ ಒಂದೇ ಸಾಲಿನಲ್ಲಿ ಬಂದು ತೂಕಕ್ಕೆ ನಿಂತರು. ನಮ್ಮೂರಿನಲ್ಲಿ ಹುಟ್ಟಿದ ದಿನವೇ ತೀರಿಕೊಳ್ಳುವ ಸುದ್ದಿಗಳೆಂದರೆ ಆನೆಗಳ ಸುದ್ದಿ ಮಾತ್ರ. ಮನುಷ್ಯರು ಹುಟ್ಟುಹಾಕಿದ ಯಾವ ಸುದ್ದಿಗೂ ಇಲ್ಲಿ ಸಾವಿಲ್ಲ.

ದೇವರಾಜ ಮಾರುಕಟ್ಟೆಯನ್ನೇ ನೋಡು. 2016ರ ಆಗಸ್ಟಿನಲ್ಲಿ ಉತ್ತರದ ಬದಿ ಕುಸಿಯಿತು. ಅಲ್ಲಿಂದ ಶುರುವಾದ ಪ್ರಶ್ನೆ: ಕೆಡವಿ ಹಾಗೆಯೇ ಕಟ್ಟುವುದೋ, ಕೆಡವದೆ ದುರಸ್ತಿ ಮಾಡುವುದೋ? ತಜ್ಞರು ನೋಡಿದರು. ಆಮೇಲೆ ಆ ತಜ್ಞರನ್ನು ಒಪ್ಪದ ತಜ್ಞರು ನೋಡಿದರು. ನ್ಯಾಯಾಲಯವೂ ಆಯಿತು. ಒಂದು ಮಗು ಹುಟ್ಟಿ, ಬೆಳೆದು, ಮೂರನೆಯ ತರಗತಿಗೆ ಹೋಗುವಷ್ಟು ಕಾಲ ಕಳೆದಿದೆ. ಮೊನ್ನೆ ಹಬ್ಬದ ಹೂವಿಗೆ ಹೋದರೆ ಹೂವಿನವಳು ಅದೇ ಹಳೆಯ ಮಾಡಿನ ಕೆಳಗೆ ಮಲ್ಲಿಗೆ ಅಳೆಯುತ್ತಿದ್ದಳು. “ಅಮ್ಮಾ, ಇದನ್ನು ಕೆಡವುತ್ತಾರಂತಲ್ಲ?” ಎಂದೆ. ಮೊಣಕೈಯಿಂದ ಬೆರಳ ತುದಿಗೆ ದಂಡೆ ಎಳೆಯುತ್ತಲೇ, “ನಾನು ಹೊಸದಾಗಿ ಕೂತಾಗಲೂ ಹೀಗೇ ಅನ್ನುತ್ತಿದ್ದರು ಸ್ವಾಮಿ, ಎಷ್ಟು ಮೊಳ ಕೊಡಲಿ?” ಎಂದಳು. ನಾಲ್ಕು ಮೊಳ ತಂದೆ. ಮನೆಯಲ್ಲಿ ನನ್ನವಳು ತನ್ನ ಕೈಯಿಂದ ಅಳೆದಾಗ ಮೂರೂವರೆ ಆಯಿತು. ಅದರ ಚರ್ಚೆ ಇನ್ನೂ ಮುಗಿದಿಲ್ಲ.

ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ವಿಷಯದಲ್ಲಿ ಮಾತ್ರ ನನಗೆ ತಮಾಷೆ ಬರುವುದಿಲ್ಲ. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಚರ್ಚೆ ಅಲ್ಲಿಯೂ ನಡೆದಿದೆ. ಪರಂಪರೆ ಎಂದು ಭಾಷಣ ಮಾಡುವವರೂ ಅಭಿವೃದ್ಧಿ ಎಂದು ಭಾಷಣ ಮಾಡುವವರೂ ಆ ಗೋಡೆಯ ನೆರಳಿನಲ್ಲಿ ಅರ್ಧ ಗಂಟೆ ನಿಂತು ಮಾತಾಡಿದರೆ ತೀರ್ಮಾನ ಬೇಗ ಬರಬಹುದು ಎಂದು ನನ್ನ ಅನಿಸಿಕೆ.

ಹಾಗೆಂದು ಇಲ್ಲಿ ಯಾವ ಕೆಲಸವೂ ಬೇಗ ಆಗುವುದಿಲ್ಲ ಎಂದುಕೊಳ್ಳಬೇಡ. ಊಟಿ ರಸ್ತೆಯ ಬಸ್ ತಂಗುದಾಣಕ್ಕೆ ಮೂರು ಗುಮ್ಮಟ ಬಂದದ್ದು 2022ರಲ್ಲಿ. ಸಂಸದರು ಮಸೀದಿಯಂತೆ ಕಾಣುತ್ತದೆ, ಜೆಸಿಬಿ ತಂದು ಒಡೆಸುತ್ತೇನೆ ಎಂದರು. ಶಾಸಕರು ಅದು ಅರಮನೆಯ ಮಾದರಿ ಎಂದರು. ಇಬ್ಬರದೂ ಒಂದೇ ಪಕ್ಷ. ನವೆಂಬರಿನ ಒಂದು ಬೆಳಿಗ್ಗೆ ನೋಡಿದರೆ ಆಚೀಚೆಯ ಎರಡು ಚಿಕ್ಕ ಗುಮ್ಮಟಗಳು ಮಾಯ, ನಡುವಿನ ದೊಡ್ಡದು ಮಾತ್ರ ಒಂಟಿಯಾಗಿ ಕೆಂಪು ಬಣ್ಣ ಬಳಿದುಕೊಂಡು ನಿಂತಿತ್ತು. ಮೂರಿದ್ದರೆ ಅಪಾಯ, ಒಂದಿದ್ದರೆ ಸುರಕ್ಷಿತ ಎಂಬ ಲೆಕ್ಕವನ್ನು ಯಾರು ಹಾಕಿದರೋ. ಆ ತಂಗುದಾಣದಲ್ಲಿ ಬಸ್ಸಿಗೆ ಕಾಯುವವರ ಅಭಿಪ್ರಾಯವನ್ನು ಯಾವ ಪತ್ರಿಕೆಯಲ್ಲಿಯೂ ನಾನು ಓದಲಿಲ್ಲ. ಅವರು ಬಸ್ಸು ಹತ್ತಿ ಹೋಗಿರಬೇಕು.

ಕಳೆದ ವರ್ಷದ ಕೊನೆಗೆ ಕೆ.ಆರ್.ಎಸ್. ರಸ್ತೆಯ ಸರದಿ. ಅದರ ಒಂದು ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡುವ ಪ್ರಸ್ತಾವ ಹೊರಟಿತು. ಆಸ್ಪತ್ರೆಗಳು ಸಾಲಾಗಿ ಇರುವ ರಸ್ತೆ, ಸರಿ. ಆದರೆ ಅದು ಪ್ರಿನ್ಸೆಸ್ ರಸ್ತೆ, ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿನದು, ಕ್ಷಯದಿಂದ ತೀರಿಕೊಂಡ ಅವರ ಹೆಸರಿನ ಆಸ್ಪತ್ರೆಯೇ ಅಲ್ಲಿದೆ ಎಂದು ಇನ್ನೊಂದು ಗುಂಪು ಎದ್ದಿತು. ಹಳೆಯ ದಾಖಲೆ, ಹಳೆಯ ನಕ್ಷೆ, ಹಳೆಯ ಲಗ್ನಪತ್ರಿಕೆಗಳೆಲ್ಲ ಕಪಾಟಿನಿಂದ ಹೊರಗೆ ಬಂದವು. ಈ ಗಲಾಟೆಯ ನಡುವೆ ನಾನು ಒಂದು ಆಟೋ ಹತ್ತಿ, ಬೇಕೆಂದೇ “ಪ್ರಿನ್ಸೆಸ್ ರಸ್ತೆ” ಎಂದೆ. ಚಾಲಕ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, “ಅದು ಎಲ್ಲಿ ಬರುತ್ತದೆ ಸಾರ್?” ಎಂದ. “ಟಿ.ಬಿ. ಆಸ್ಪತ್ರೆ” ಎಂದೆ. ಗಾಡಿ ಹೊರಟಿತು.

ಚಿರತೆಯ ಕಥೆ ನಿನ್ನ ಕಚೇರಿಯವರೆಗೂ ತಲುಪಿರುತ್ತದೆ. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣದಲ್ಲಿ ಕಾಣಿಸಿಕೊಂಡಿತು. ಕೊರಳಲ್ಲಿ ಗುರುತಿನ ಚೀಟಿ ಇಲ್ಲದೆ ಆ ಗೇಟು ದಾಟಿದ ಮೊದಲ ಜೀವಿ ಅದೇ ಇರಬೇಕು. ಮನೆಯಿಂದಲೇ ಕೆಲಸ ಮಾಡಿ ಎಂದು ಉದ್ಯೋಗಿಗಳಿಗೆ ಸೂಚನೆ ಹೋಯಿತು. ಊರಿಗೆ ಊರೇ ಹೊಸ ವರ್ಷಕ್ಕೆ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದಾಗ ಅರಣ್ಯ ಇಲಾಖೆಯವರು ಬೋನು, ಕ್ಯಾಮೆರಾ, ಡ್ರೋನ್ ಹಿಡಿದು ಪೊದೆ ಪೊದೆ ತಡಕಿದರು. ಸಿಗಲಿಲ್ಲ. ಕಡೆಗೆ ಹುಡುಕಾಟವನ್ನೇ ನಿಲ್ಲಿಸಿದರು. ಹೀಗೆ ಕೈಗೆ ಸಿಗದೆ ಹೋದ ಚಿರತೆ ಈಗ ಎಲ್ಲರದೂ ಆಗಿದೆ. ನಮ್ಮ ಬಡಾವಣೆಯಲ್ಲಿ ರಾತ್ರಿ ನಾಯಿ ಬೊಗಳಿದರೆ ವಾಟ್ಸ್‌ಆಪ್ ಗುಂಪಿನಲ್ಲಿ ಚಿರತೆ ಬರುತ್ತದೆ. ಹಿಂದಿನ ಬೀದಿಯವರೊಬ್ಬರು ಬಾಲವನ್ನು ಕಣ್ಣಾರೆ ಕಂಡಿದ್ದಾರೆ. ಉಳಿದ ಭಾಗದ ಬಗ್ಗೆ ಅವರು ಜವಾಬ್ದಾರರಲ್ಲ. ಗುಂಪಿನಲ್ಲಿ ಹರಿದಾಡಿದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಯಾರದೋ ಸ್ಕೂಟರಿಗೆ ಹೊದಿಸಿದ್ದ ಚುಕ್ಕೆಚುಕ್ಕೆಯ ಹೊದಿಕೆ.

ಸ್ವಚ್ಛತೆಯ ವಿಷಯ ಕೇಳಬೇಡ. 2015, 2016ರಲ್ಲಿ ದೇಶಕ್ಕೇ ಮೊದಲಿಗರಾಗಿದ್ದೆವು. ಅಂದಿನಿಂದ ನಮ್ಮವರು ಆ ಮಾತನ್ನು ಹೇಳಿಕೊಳ್ಳುತ್ತಾ ಬಾಳೆಹಣ್ಣಿನ ಸಿಪ್ಪೆಯನ್ನು ಕಾಂಪೌಂಡಿನ ಆಚೆಗೆ ಎಸೆಯುತ್ತಿದ್ದಾರೆ. ಊರಿನ ಕಸ ಸುರಿಯುವ ವಿದ್ಯಾರಣ್ಯಪುರದ ಸೂಯೇಜ್ ಫಾರ್ಮ್ ಬಳಿ ಗಾಳಿ ತಿರುಗಿದ ದಿನ ಕಿಟಕಿ ತೆಗೆದು ನೋಡಿದವರು ಯಾವ ಪ್ರಶಸ್ತಿಯನ್ನೂ ನಂಬುವುದಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. 2023ರ ಮಾರ್ಚಿನಲ್ಲಿ ಹೆದ್ದಾರಿ ಉದ್ಘಾಟನೆಯಾದಾಗ 118 ಕಿ.ಮೀ. ದಾರಿಯನ್ನು ಒಂದೂಕಾಲು ಗಂಟೆಯಲ್ಲಿ ಬರಬಹುದು ಎಂದರು. ಬರುತ್ತೀರಿ, ಒಪ್ಪಿದೆ. ಬಂದವರೆಲ್ಲ ಒಟ್ಟಿಗೇ ಬರುತ್ತೀರಿ, ಅದೂ ಭಾನುವಾರವೇ. ಊರೊಳಗೆ ಬಂದ ಮೇಲೆ ಅರಮನೆಯ ದೀಪ ನೋಡಲು ಹಾರ್ಡಿಂಜ್ ವೃತ್ತದಲ್ಲಿ ಸಾಲುಗಟ್ಟಿ ನಿಂತು, “ಇಷ್ಟು ಚಿಕ್ಕ ಊರಿನಲ್ಲಿ ಇಷ್ಟು ಟ್ರಾಫಿಕ್ಕೇ?” ಎಂದು ನಮ್ಮನ್ನೇ ಕೇಳುತ್ತೀರಿ. ಭಾನುವಾರ ಸಂಜೆ ನಾವು ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದ್ದೇವೆ. ಲಕ್ಷದ ಹತ್ತಿರ ಬಲ್ಬು ಉರಿಯುವ ಅರಮನೆಯನ್ನು ನಾನು ಇತ್ತೀಚೆಗೆ ನೋಡಿದ್ದು ನೀನು ಕಳುಹಿಸಿದ ಫೋಟೋದಲ್ಲಿ.

ದಸರಾ ಸೆಪ್ಟೆಂಬರ್ 22ಕ್ಕೆ ಶುರು, ಈ ಸಲ ಹನ್ನೊಂದು ದಿನ. ಬರುವುದಾದರೆ ರೈಲಿನಲ್ಲಿ ಬಾ. ಸಯ್ಯಾಜಿರಾವ್ ರಸ್ತೆಯ ಹಳೆಯ ಕಟ್ಟಡಗಳ ಮೇಲೆ ಹತ್ತಿ ಜಂಬೂಸವಾರಿ ನೋಡುವ ಆಸೆ ಇದ್ದರೆ ಬಿಟ್ಟುಬಿಡು. ಹತ್ತಬೇಡಿ ಎಂದು ಪ್ರತಿವರ್ಷ ಎಚ್ಚರಿಕೆ ಕೊಡುತ್ತಾರೆ, ಪ್ರತಿವರ್ಷ ಹತ್ತುತ್ತಾರೆ. ಪಾಸಿನ ಮಾತನ್ನಂತೂ ಎತ್ತಲೇಬೇಡ. ಈ ಊರಿನಲ್ಲಿ ಎಲ್ಲರಿಗೂ ಪಾಸು ಕೊಡಿಸುವವರ ಪರಿಚಯವಿದೆ. ನನ್ನವಳ ಚಿಕ್ಕಪ್ಪನ ಮಗನಿಗಂತೂ ಮೇಲಿನವರೆಗೆ ಪರಿಚಯ. ಅವನು ನಿನ್ನೆ ಫೋನು ಮಾಡಿ, ನನ್ನ ಬಳಿ ಎರಡು ಪಾಸು ಸಿಗಬಹುದೇ ಎಂದು ಕೇಳಿದ.

ಇಂತಿ,
ನಿನ್ನ ಗೆಳೆಯ