ಕ್ಯಾಲೆಂಡರ್ ಬದಲಿಸುವ ಮೊದಲು ಗುಂಪಿಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮ ವ್ಯವಹಾರ ನಿರ್ವಹಣಾ ಸಾಫ್ಟ್‌ವೇರ್ ಸ್ಯಾಪ್‌ನ 300ನೇ ಕ್ಲೈಂಟ್‌ನಲ್ಲಿ (ಒಂದೇ ಸಿಸ್ಟಮ್‌ನೊಳಗಿನ ಪ್ರತ್ಯೇಕ ವಿಭಾಗ) ಪರೀಕ್ಷೆಗೆಂದು ಫ್ಯಾಕ್ಟರಿ ಕ್ಯಾಲೆಂಡರ್‌ಗೆ, ಅಂದರೆ ಕೆಲಸದ ದಿನ ಮತ್ತು ರಜೆಗಳ ಪಟ್ಟಿಗೆ, ಒಂದು ರಜೆ ಸೇರಿಸಲಾಗಿತ್ತು. 200ನೇ ಕ್ಲೈಂಟ್‌ನಲ್ಲಿ ಕೆಲಸ ಮಾಡುತ್ತಿದ್ದವರ ಆರ್ಡರ್‌ಗಳಲ್ಲೂ ವಿತರಣಾ ದಿನಾಂಕ ಒಂದು ದಿನ ಮುಂದೆ ಹೋಯಿತು. ಕಾರಣ ಹುಡುಕುವುದರಲ್ಲೇ ಅವರ ಇಡೀ ಮಧ್ಯಾಹ್ನ ಕಳೆದುಹೋಯಿತು.

ಗ್ರಾಹಕರ ವಿವರ, ಸಂಖ್ಯಾ ಸರಣಿ, ಬಳಕೆದಾರರ ಖಾತೆ ಇವೆಲ್ಲ ಆಯಾ ಕ್ಲೈಂಟ್‌ಗೆ ಪ್ರತ್ಯೇಕ. ಕ್ಯಾಲೆಂಡರ್, ಪ್ರೋಗ್ರಾಂ, ಟೇಬಲ್‌ಗಳ ರಚನೆ ಹಾಗಲ್ಲ, ಇಡೀ ಸಿಸ್ಟಮ್‌ಗೆ ಒಂದೇ. ಅನುಮಾನವಿದ್ದರೆ ಟೇಬಲ್ ತೆರೆದು ನೋಡಿ: ಮೊದಲ ಕೀ (ಸಾಲನ್ನು ಗುರುತಿಸುವ ಕಾಲಂ) ಕ್ಲೈಂಟ್ ಸಂಖ್ಯೆಯಾಗಿಲ್ಲದಿದ್ದರೆ ಅದು ಎಲ್ಲರದು.

ರಜೆ ಸೇರಿಸಿದವರ ಮೇಲೆ ನನಗೆ ಯಾವ ದೂರೂ ಇಲ್ಲ, ಬೀಗ ಹಾಕಬೇಕಿದ್ದುದು ನಾನು. ಕ್ಲೈಂಟ್‌ಗಳ ಸೆಟ್ಟಿಂಗ್ ಬದಲಿಸುವ ಎಸ್‌ಸಿಸಿ4 ಪರದೆಯಲ್ಲಿ 300ಕ್ಕೆ ಇಂಥ ಬದಲಾವಣೆಯ ಅನುಮತಿಯನ್ನು ಈಗ ತೆಗೆದಿದ್ದೇನೆ. ಇನ್ನು ಮುಂದೆ ಅದನ್ನು ಮಾಡುವುದು 100ನೇ ಕ್ಲೈಂಟ್‌ನಲ್ಲಿ ಮಾತ್ರ, ಅದೂ ಇಲ್ಲಿ ಒಂದು ಸಾಲು ಬರೆದ ಮೇಲೆ. ದಯವಿಟ್ಟು ಸಹಕರಿಸಿ.