ಎರಡು ಸಲ ಹೊಸಬನಾದವನು

ಗೆಳೆಯಾ,

ಮೊನ್ನೆ ಫೋನಿನಲ್ಲಿ ಅಮೆರಿಕದ ಗಾಯಕ ಡೇರಿಯಸ್ ರಕರ್ ಬಗ್ಗೆ ನೀನು ಆಡಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. "ರಾಕ್ ಅಂಗಡಿಯಲ್ಲಿ ವ್ಯಾಪಾರ ಬಿತ್ತು, ಅದಕ್ಕೇ ಆ ಹಳ್ಳಿಗಾಡಿನ ಕಂಟ್ರಿ ಸಂಗೀತದ ಬೀದಿಯಲ್ಲಿ ಬೋರ್ಡು ಹಾಕಿದ" ಅಂದೆ. ಆಗ ಬಸ್ಸಿನಲ್ಲಿದ್ದೆ, ಜಗಳ ಆಡೋಕೆ ಆಗಲಿಲ್ಲ. ಈಗ ಕೇಳು.

ವ್ಯಾಪಾರ ಬಿದ್ದಿದ್ದು ನಿಜ. ಅವನ ರಾಕ್ ತಂಡ ಹೂಟಿ ಅಂಡ್ ದ ಬ್ಲೋಫಿಶ್‌ನ 1994ರ ಆಲ್ಬಮ್ಮಿಗೆ ಅಮೆರಿಕದಲ್ಲಿ 2 ಕೋಟಿ ಪ್ರತಿ ದಾಟಿದ ಮಾರಾಟದ ಲೆಕ್ಕ ಸಿಕ್ಕಿದೆ. ಆ ಎತ್ತರದಿಂದ ಎಲ್ಲರೂ ಇಳಿಯಲೇಬೇಕು. 2002ರಲ್ಲಿ ಅವನೊಬ್ಬನೇ ಕಪ್ಪು ಅಮೆರಿಕನ್ನರ ಆರ್ ಅಂಡ್ ಬಿ ಶೈಲಿಯಲ್ಲಿ ಹಾಡಿ ನೋಡಿದ, ಅದೂ ಓಡಲಿಲ್ಲ. (ಅವನ ಹೆಸರೇ ಹೂಟಿ ಅಂತ ಜನ ತಿಳಿದಿದ್ದರು. ಪಾಪ, ಅದು ಕಾಲೇಜಿನ ಗೆಳೆಯನೊಬ್ಬನ ಅಡ್ಡಹೆಸರು.)

ಆದರೆ ಆಮೇಲೆ ಅವನು ಮಾಡಿದ್ದು ನೋಡು. 2008ರಲ್ಲಿ ಕಂಟ್ರಿಯ ತವರಾದ ನ್ಯಾಶ್ವಿಲ್‌ಗೆ ಹೋದಾಗ ವಯಸ್ಸು 40 ದಾಟಿತ್ತು. ಕಂಟ್ರಿಯಲ್ಲಿ ಹಾಡು ಗೆಲ್ಲಬೇಕಾದರೆ ರೇಡಿಯೋದವರು ಹಾಕಬೇಕು. ಅದಕ್ಕೆ ಹೊಸಬರು ಗಿಟಾರ್ ಹಿಡಿದು ಊರೂರು ಸ್ಟೇಷನ್ ಸುತ್ತುತ್ತಾರೆ. ಆಫೀಸು ರೂಮಿನಲ್ಲಿ ನಾಲ್ಕೈದು ಜನರ ಮುಂದೆ ಹಾಡುತ್ತಾರೆ. ಸ್ಟೇಡಿಯಂ ತುಂಬಿಸಿದವನು ಈ ಕೆಲಸವನ್ನೂ ಮಾಡಿದ. ಕಪ್ಪು ಗಾಯಕನ ಕಂಟ್ರಿಯನ್ನು ನಮ್ಮ ಕೇಳುಗರು ಒಪ್ಪಲ್ಲ ಅಂತ ಕೆಲವರು ಮುಖಕ್ಕೇ ಹೇಳಿದ್ದನ್ನು ಅವನೇ ಹೇಳಿಕೊಂಡಿದ್ದಾನೆ. ಕಂಟ್ರಿಯಲ್ಲಿ ಬಾರಿಸುವ ತಂತಿವಾದ್ಯ ಬ್ಯಾಂಜೋ, ಅದು ಆಫ್ರಿಕಾದ ಗುಲಾಮರ ಜೊತೆ ಬಂದದ್ದು. ಅದು ಬೇಕು, ಇವನು ಬೇಡ! ಅದೇ ವರ್ಷ ಅವನ ಮೊದಲ ಕಂಟ್ರಿ ಹಾಡು ಪಟ್ಟಿಯ ತುದಿಗೇರಿತು. ಕಪ್ಪು ಗಾಯಕನೊಬ್ಬ ಒಂಟಿಯಾಗಿ ಹಾಡಿ ಅಲ್ಲಿಗೇರಿದ್ದು ಅಂದರೆ, ಹಿಂದೆ 1983ರಲ್ಲಿ ಚಾರ್ಲಿ ಪ್ರೈಡ್ ಏರಿದ್ದೇ ಕೊನೆ. ನಡುವೆ 25 ವರ್ಷ.

ನನಗೆ ನಗು ತರಿಸುವುದು ಪ್ರಶಸ್ತಿಗಳ ಕಥೆ. 1996ರಲ್ಲಿ ತಂಡಕ್ಕೆ ಗ್ರ್ಯಾಮಿ ಬಂತು, 'ಹೊಸ ಕಲಾವಿದ' ಅಂತ. 2009ರಲ್ಲಿ ಕಂಟ್ರಿ ಸಂಗೀತ ಸಂಘದವರೂ ಅವನಿಗೆ 'ಹೊಸ ಕಲಾವಿದ' ಅಂತಲೇ ಕೊಟ್ಟರು. 43ನೇ ವಯಸ್ಸಿನ ಹೊಸಬ!

ಅವನು ಹಾಡಿದ 'ವ್ಯಾಗನ್ ವೀಲ್' ಹಾಡಿನ ಕಥೆ ಗೊತ್ತಾ? ಪಲ್ಲವಿ ಬಾಬ್ ಡಿಲನ್ 1973ರಲ್ಲಿ ಅರ್ಧಂಬರ್ಧ ಹಾಡಿ ಬಿಟ್ಟದ್ದು. ಚರಣ ಬರೆದು ಪೂರ್ತಿ ಮಾಡಿದ್ದು ಓಲ್ಡ್ ಕ್ರೋ ಮೆಡಿಸಿನ್ ಶೋ ಅನ್ನೋ ತಂಡದ ಕೆಚ್ ಸೀಕರ್. ರಕರ್ ಮೊದಲೇ ಕೇಳಿದ್ದ, ಅಷ್ಟೇನೂ ಹಿಡಿಸಿರಲಿಲ್ಲ. ಒಂದು ದಿನ ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋಗಿ ಅಪ್ಪಂದಿರ ಹಾಗೆ ಕೂತಿದ್ದ. ಅಲ್ಲಿ ಮೇಷ್ಟ್ರುಗಳ ಬ್ಯಾಂಡು ಇದೇ ಹಾಡು ಬಾರಿಸಿತು. ಕೂತಲ್ಲೇ ಗೊತ್ತಾಯಿತಂತೆ, ಇದು ನಾನು ಹಾಡಬೇಕಾದ್ದು ಅಂತ. 2014ರಲ್ಲಿ ಅದಕ್ಕೂ ಗ್ರ್ಯಾಮಿ ಬಂತು.

ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಹಳೆಯದೊಂದು, ಇದೊಂದು, ಬೆನ್ನಿಗೇ ಕೇಳಿದೆ. ಇಲ್ಲಿ ಪಿಟೀಲು ಸೇರಿದೆ, ಅಷ್ಟೇ. ಎದೆಯ ಆಳದಿಂದ ಬರುವ, ಸ್ವಲ್ಪ ಒರಟಾದ ಆ ದನಿ ಹಾಗೇ ಇದೆ. ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್ ಹುಡುಗ ಆಗಲೂ ಹೀಗೇ ಹಾಡುತ್ತಿದ್ದ. ಅದನ್ನು ರಾಕ್ ಅಂತ ಕರೆದವರು ನಾವು.

ಹಾಂ, ತಂಡವನ್ನೂ ಅವನು ಬಿಟ್ಟಿಲ್ಲ. 2019ರಲ್ಲಿ ಎಲ್ಲರೂ ಸೇರಿ ಮತ್ತೆ ಆಲ್ಬಮ್ ಮಾಡಿದರು, ಊರೂರು ಸುತ್ತಿದರು. ಮುಂದಿನ ಸಲ ಬರುವಾಗ ನಿನ್ನ ಹತ್ತಿರ ಇರುವ ನನ್ನ ಆ ಕ್ಯಾಸೆಟ್ ತಗೊಂಡು ಬಾ. ಟೇಪು ಸಿಕ್ಕಿಹಾಕಿಕೊಂಡಿದ್ದರೂ ಪರವಾಗಿಲ್ಲ, ಪೆನ್ಸಿಲ್ ನನ್ನ ಹತ್ತಿರ ಇದೆ.

ನಿನ್ನ,
ಜಗಳಗಂಟ